ಸಮಸ್ಯಾಪೂರಣ: ನೀರಿಂ ಮನೆ ಬೆಂದುದೆಂಬುದೇನಚ್ಚರಿಯೋ

ಸಮಸ್ಯೆ ನೀಡಿದವರು, ಮೈಸೂರು:
ಕಾವ್ಯಾಸಕ್ತರಿಗೆ ನಮಸ್ಕಾರ. ಈ ವಾರದ ಸಮಸ್ಯೆಯು ಕಂದಪದ್ಯದ (ಮಾತ್ರೆಗಳ ಲೆಕ್ಕದಲ್ಲಿ ಬರೆಯುವ ನಾಲ್ಕು ಸಾಲಿನ ಪದ್ಯದ) ನಾಲ್ಕನೆಯ ಪಾದ: “ನೀರಿಂ ಮನೆ ಬೆಂದುದೆಂಬುದೇನಚ್ಚರಿಯೋ”. ನೀರು ಮನೆಯನ್ನು ಸುಟ್ಟ ಬಗೆಯನ್ನು ಉಳಿದ ಮೂರು ಪಾದಗಳಲ್ಲಿ ಹೇಳಬೇಕು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಬರುವ ರಕಾರದ ಪ್ರಾಸ ತಪ್ಪಬಾರದು.

ಪೂರಣ, ಮಂಡ್ಯದಿಂದ:
ಗುರುಗಳಿಗೆ ನಮಸ್ಕಾರ.

ಊರಿನ ನಾಲೆಯ ಸರದಿಗೆ
ದೂರಂ ನುಡಿಯದೆ ಸಹೋದರರ್ ಮುನಿಸಾಂತರ್
ಬೇರಿಳಿದಾ ಮುನಿಸುರಿಯಲ್
ನೀರಿಂ ಮನೆ ಬೆಂದುದೆಂಬುದೇನಚ್ಚರಿಯೋ

ನಾಲೆಯ ನೀರಿನ ಸರದಿಗಾಗಿ ಅಣ್ಣತಮ್ಮಂದಿರು ದೂರು ಹೇಳದೆಯೇ ಮುನಿಸಿಕೊಂಡರು, ಬೇರೂರಿದ ಆ ಮುನಿಸು ಉರಿದಾಗ ನೀರಿನಿಂದ ಮನೆ ಬೆಂದಿತೆಂಬುದರಲ್ಲಿ ಅಚ್ಚರಿಯೇನು ಎಂಬುದು ಪದ್ಯದ ಭಾವ. ಇದೇ ಸಮಸ್ಯೆಗೆ ನನಗಿಂತ ಮೊದಲು ಬರೆದ ಸೋದರಿಯವರು ಮೂರನೆಯ ಪಾದವನ್ನು ‘ಕಣ್’ ಎಂದು ಮುಗಿಸಿ, ನೀರನ್ನು ಕಣ್ಣೀರಾಗಿಸಿದ್ದು ಬಹಳ ಸೊಗಸಾಗಿದೆ. ಆದರೆ ಕಣ್ಣೀರು ಹೊರಗೆ ಹರಿದ ನೀರು. ಅತ್ತವರ ಸಿಟ್ಟು ಅಷ್ಟರಮಟ್ಟಿಗೆ ಆರಿರುತ್ತದೆ. ಆಡದೆ ಉಳಿದ ಮಾತೇ ದ್ವೇಷವಾಗಿ ಮನೆಯನ್ನು ಸುಡುತ್ತದೆ ಎಂದು ತೋರಿದ್ದರಿಂದ ನಾನು ನಾಲೆಯ ಕಡೆಗೆ ಹೋದೆ. ‘ಮುನಿಸುರಿಯಲ್’ ಎಂಬಲ್ಲಿ ಕಿವಿಗೆ ‘ಸುರಿ’ ಕೇಳಿಸಿದರೂ ಪದ ಬಿಡಿಸಿದಾಗ ‘ಉರಿ’ ಸಿಗುತ್ತದೆ. ನೀರಿನ ಸದ್ದಿನೊಳಗೆ ಬೆಂಕಿ ಅಡಗಿರಲಿ ಎಂಬುದು ನನ್ನ ಆಸೆ.

ಸಮಸ್ಯೆಯನ್ನು ಓದಿದೊಡನೆ ರನ್ನನ ಗದಾಯುದ್ಧ ನೆನಪಾಯಿತು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ, ಕೋಪಕ್ಕೆ ಕಣ್ಣು ಕೆಂಪೇರಿ, ‘ನೀರೊಳಗಿರ್ದುಂ ಬೆಮರ್ತ’ನು. ಅದೂ ಕಂದವೇ, ಅಲ್ಲಿಯೂ ರಕಾರದ ಪ್ರಾಸವೇ. ಮರುನುಡಿದರೆ ಅಡಗಿದ ತಾಣ ಬಯಲಾಗುತ್ತದೆ, ನುಡಿಯದಿದ್ದರೆ ಒಡಲು ಕುದಿಯುತ್ತದೆ. ಆ ಇಕ್ಕಟ್ಟನ್ನು ರನ್ನನು ಒಂದು ಬೆವರಿನಲ್ಲಿ ತೋರಿಸಿದ್ದಾನೆ.

ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ನಾನು ಚಿಕ್ಕವನಿದ್ದಾಗ, ಒಂದು ರಾತ್ರಿ ಚಿಕ್ಕಪ್ಪನ ಸರದಿಯ ನೀರು ನಮ್ಮ ಗದ್ದೆಗೆ ತಿರುಗಿತ್ತು. ಚಿಕ್ಕಪ್ಪ ಕೇಳಲಿಲ್ಲ, ಕೇಳಿದ್ದರೆ ಅಪ್ಪ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದರೆಂದು ಇಂದಿಗೂ ನಂಬಿದ್ದೇನೆ. ಅಪ್ಪನೂ ತಾವಾಗಿ ಮಾತೆತ್ತಲಿಲ್ಲ. ಒಂದು ಒಲೆ ಎರಡಾಯಿತು, ಹಟ್ಟಿಯ ನಡುವೆ ಗೋಡೆ ಎದ್ದಿತು, ಹಬ್ಬದ ಕರೆ ನಿಂತಿತು. ಕಟಾವಿಗೆ ಬಂದಿದ್ದ ನಮ್ಮ ಕಬ್ಬಿಗೆ ಬೆಂಕಿ ಬಿದ್ದ ರಾತ್ರಿ, ಪಕ್ಕದಲ್ಲೇ ಕೊಳವೆಬಾವಿಯಿದ್ದರೂ ಚಿಕ್ಕಪ್ಪ ಮೋಟಾರು ಹಾಕಲಿಲ್ಲ. ಬದುವಿನ ಮೇಲೆ ಕೈಕಟ್ಟಿ ನಿಂತಿದ್ದರು. ಹೆಗಲ ಮೇಲೆ ನನ್ನನ್ನು ಹೊತ್ತು ಜಾತ್ರೆ ತೋರಿಸಿದ್ದವರು ಅವರೇ.

ಹಳಗನ್ನಡದ ಪ್ರತ್ಯಯಗಳ ನಡುವೆ ಮೊದಲ ಪಾದದ ‘ಊರಿನ’ ಎಂಬುದು ಸಪ್ಪೆಯಾಗಿದೆ ಎನಿಸುತ್ತಿದೆ. ದಯವಿಟ್ಟು ತಿದ್ದಿ.

ಸಮಸ್ಯೆ ನೀಡಿದವರು:
ಪೂರಣ ಮನಸ್ಸಿಗೆ ನಾಟಿತು. ಮೊದಲೆರಡು ಪಾದಗಳ 6ನೆಯ ಗಣದಲ್ಲಿ (ನಾಲ್ಕು ಮಾತ್ರೆಗಳ ಗುಂಪಿನಲ್ಲಿ) ‘ಸಹೋದ’ ಎಂಬ ಜಗಣ (ಲಘು-ಗುರು-ಲಘು) ಸಹಜವಾಗಿ ಕೂತಿದೆ. ‘ಊರಿನ’ ಬದಲು ‘ತೀರದ ನಾಲೆಯ ಸರದಿಗೆ’ ಎಂದು ಓದಿ ನೋಡಿ. ಮಾತ್ರೆ, ಪ್ರಾಸ ಎರಡೂ ಕೆಡುವುದಿಲ್ಲ, ದಡ ಎಂಬ ಅರ್ಥದ ಜೊತೆಗೆ ಬಗೆಹರಿಯದ ಸರದಿ ಎಂಬ ಅರ್ಥವೂ ಬರುತ್ತದೆ.