ಪದಚರ್ಚೆ: ‘ರಚನಾತ್ಮಕ ಸಲಹೆ’ – ರಚನೆಯ ಬಗ್ಗೆಯೋ, ತಿದ್ದುವುದರ ಬಗ್ಗೆಯೋ?

ಎಲ್ಲರಿಗೂ ನಮಸ್ಕಾರ.

24 ನಿಮಿಷದ ಒಂದು ಎಲೆಕ್ಟ್ರಾನಿಕ್ ಸಂಗೀತ ಕೃತಿಗೆ ಕೇಳುಗರು ಬರೆದ ಅಭಿಪ್ರಾಯಗಳನ್ನು ಕನ್ನಡದಲ್ಲಿ ಒಪ್ಪ ಮಾಡುವಾಗ ಕೆಲವು ಪದಗಳು ತೊಡಕಾಗಿವೆ. ಸಂಯೋಜಕರು ಕೇಳಿದ್ದು ‘ರಚನಾತ್ಮಕ ಸಲಹೆ ಕೊಡಿ’ ಎಂದು. ಕೆಲವರು ಇದನ್ನು ‘ನೋಯಿಸದೆ, ತಿದ್ದಿಕೊಳ್ಳಲು ಅನುಕೂಲವಾಗುವಂತೆ ಹೇಳಿ’ ಎಂದು ತಿಳಿದರು. ಉಳಿದವರು ‘ಯಾವ ಭಾಗ ಎಲ್ಲಿ, ಎಷ್ಟು ಹೊತ್ತು ಇರಬೇಕೆಂದು ಹೇಳಿ’ ಎಂದು ತಿಳಿದರು. ಈ ಎರಡಕ್ಕೂ ಬೇರೆ ಬೇರೆ ಪದ ಬೇಕಲ್ಲವೇ?

ಇನ್ನೊಂದು, ಫೀಡ್‌ಬ್ಯಾಕ್. ಒಬ್ಬರು ‘6:40ರಲ್ಲಿ ಫೀಡ್‌ಬ್ಯಾಕ್ ಜಾಸ್ತಿ’ ಎಂದು ಬರೆದಿದ್ದಾರೆ. ಹಿಮ್ಮಾಹಿತಿ, ಪ್ರತಿಕ್ರಿಯೆ ಎರಡೂ ಇಲ್ಲಿ ಕೂರುವುದಿಲ್ಲ. ಜೊತೆಗೆ ‘ಎಳೆದ ಹಾಗಿದೆ’, ‘ಬಗ್ಗಡವಾಗಿದೆ’, ‘ಗಟ್ಟಿಯಾಗಿದೆ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವನ್ನು ಹಾಗೇ ಬಿಡಬಹುದೇ?

*

> ಈ ಎರಡಕ್ಕೂ ಬೇರೆ ಬೇರೆ ಪದ ಬೇಕಲ್ಲವೇ?

ಬೇಕೇ ಬೇಕು. ರಚನೆ ಎಂದರೆ ಕಟ್ಟುವ ಕೆಲಸ, ಕಟ್ಟಿದ ಬಗೆ, ಕಟ್ಟಿ ಮುಗಿದ ಕೃತಿ, ಮೂರೂ ಹೌದು. ಸುದ್ದಿಪತ್ರಿಕೆಯಲ್ಲಿ ‘ರಚನಾತ್ಮಕ ಟೀಕೆ’ ಎಂದರೆ ಗೊಂದಲವಿಲ್ಲ. ಸಂಗೀತದ ಎದುರು ಆ ಪದ ಬಂದ ಕೂಡಲೇ ಮೂರು ಅರ್ಥವೂ ಮೇಲೇಳುತ್ತವೆ. ಭಾಗಗಳ ಜೋಡಣೆಗೆ ‘ಹಂದರ’ ಎನ್ನೋಣ. ಕಥಾಹಂದರ ಎಂದು ಎಲ್ಲರಿಗೂ ಬಳಕೆಯಿದೆ. ಇನ್ನೊಂದು ಅರ್ಥಕ್ಕೆ ‘ತಿದ್ದಲು ಒದಗುವ ಟಿಪ್ಪಣಿ’ ಸಾಕು.

ಟಿಪ್ಪಣಿ ಎಂದೇ ಹೇಳಲು ಕಾರಣವಿದೆ. ವಿಮರ್ಶೆ ಮುಗಿದ ಕೃತಿಗೆ ಬರೆಯುವಂಥದ್ದು. ಟೀಕೆ ಎಂಬುದಕ್ಕೆ ಹಿಂದೆ ಮೂಲದ ಸಾಲು ಸಾಲಿಗೂ ಬರೆದ ವಿವರಣೆ ಎಂಬ ಅರ್ಥವಿತ್ತು. ಈಗ ತಪ್ಪು ಹುಡುಕುವುದು ಎಂದಷ್ಟೇ ಉಳಿದಿದೆ. ಆದರೆ ಬೆಳೆಯುತ್ತಿರುವ ಉದ್ದದ ಕೃತಿಗೆ ಬೇಕಾದದ್ದು ಆ ಹಳೆಯ ಟೀಕೆಯ ಕೆಲಸವೇ: ನಿಮಿಷ, ಸೆಕೆಂಡು ಗುರುತಿಸಿ, ಅಲ್ಲಿ ಕೇಳಿದ್ದೇನು ಎಂದು ಪಕ್ಕದಲ್ಲಿ ಬರೆಯುವುದು. ಟಿಪ್ಪಣಿ ಎಂದರೆ ಆ ಕೆಲಸವೂ ಆಗುತ್ತದೆ, ಮನಸ್ಸೂ ಮುರಿಯುವುದಿಲ್ಲ.

ಫೀಡ್‌ಬ್ಯಾಕ್ ವಿಷಯ. ಈ ಸಂಗೀತದಲ್ಲಿ ಅದು ಡಿಲೇಯ (ಸದ್ದನ್ನು ತುಸು ತಡವಾಗಿ ಮರುನುಡಿಸುವ ಸಾಧನ) ಒಂದು ಗುಬುಟಿನ, ಅಂದರೆ ತಿರುಗಿಸುವ ಗುಂಡಿಯ, ಹೆಸರು. ಹೊರಬಂದ ಸದ್ದಿನ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸುವ ಕೆಲಸ ಅದರದು. 50 ಪರ್ಸೆಂಟ್ ಇಟ್ಟರೆ ಪ್ರತಿ ಮರುದನಿಯೂ ಹಿಂದಿನದಕ್ಕಿಂತ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತ ಕರಗುತ್ತದೆ; 100 ದಾಟಿಸಿದರೆ ಕರಗುವ ಬದಲು ಬೆಳೆಯುತ್ತ ಹೋಗುತ್ತದೆ. ಹೋಗಿ ಬರುವುದು ಸದ್ದು, ಮಾಹಿತಿಯಲ್ಲ, ಹಾಗಾಗಿ ಇಲ್ಲಿ ಹಿಮ್ಮಾಹಿತಿ ಒಪ್ಪದು. ‘ಹಿನ್ನೂಡಿಕೆ’ ಎಂದು ಕಟ್ಟಬಹುದು (ಹಾಲೂಡು ಎಂಬಲ್ಲಿಯ ಊಡು). ಆದರೆ ತೆರೆಯ ಮೇಲೆ ಸಂಯೋಜಕರಿಗೆ ಕಾಣುವುದು ಫೀಡ್‌ಬ್ಯಾಕ್ ಎಂಬ ಹೆಸರೇ. ಗುಬುಟಿಗೆ ಅದನ್ನೇ ಬಿಟ್ಟು, ಜನರ ಮಾತಿಗೆ ಅಭಿಪ್ರಾಯ, ಟಿಪ್ಪಣಿ ಎನ್ನುವುದು ಸರಿ. ಆ ಸಾಲನ್ನು ‘6:40ರಲ್ಲಿ ಡಿಲೇಯ ಫೀಡ್‌ಬ್ಯಾಕ್ ಜಾಸ್ತಿ, ಮರುದನಿಗಳು ಮುಂದಿನ ಸ್ವರದ ಮೇಲೆ ಬೀಳುತ್ತಿವೆ’ ಎಂದು ತಿದ್ದಿದರೆ ಯಾರಿಗೂ ಅನುಮಾನ ಉಳಿಯದು.

‘ಎಳೆದ ಹಾಗಿದೆ’ಯನ್ನು ಮಾತ್ರ ದಯವಿಟ್ಟು ಹಾಗೇ ಬಿಡಬೇಡಿ. ಉದ್ದದ ಕೃತಿಗೆ ಅತಿ ಹೆಚ್ಚು ಬರುವ ಮಾತು ಇದು, ಅತಿ ಕಡಿಮೆ ನೆರವಾಗುವ ಮಾತೂ ಇದೇ. ವೇಗ ಸಾಲದು, ಭಾಗ ಉದ್ದವಾಯಿತು, ಏನೂ ಬದಲಾಗುತ್ತಿಲ್ಲ – ಮೂರು ದೂರೂ ಅದರೊಳಗೆ ಅಡಗಿವೆ. ನಿಮಿಷಕ್ಕೆ 120 ಬೀಟ್, 4 ಬೀಟಿಗೊಂದು ಬಾರ್ ಎಂದುಕೊಳ್ಳಿ. ಒಂದು ಬಾರ್ 2 ಸೆಕೆಂಡ್, 24 ನಿಮಿಷಕ್ಕೆ 720 ಬಾರ್. ಅದರಲ್ಲಿ 11:20ರಿಂದ 13:28ರವರೆಗೆ, ಅಂದರೆ 64 ಬಾರ್, ಒಂದು ಫಿಲ್ಟರ್ (ಸದ್ದಿನ ಒಂದು ಪಾಲನ್ನು ತಡೆಯುವ ಸೋಸುಕ) ಮೆಲ್ಲಗೆ ತೆರೆಯುವುದು ಬಿಟ್ಟರೆ ಬೇರೇನೂ ನಡೆಯದಿದ್ದರೆ ಕೇಳುಗನಿಗೆ ಎಳೆದ ಹಾಗೆನಿಸುತ್ತದೆ. ವೇಗವನ್ನು 126 ಮಾಡಿದರೂ ಆ ಭಾವ ಹೋಗದು. ಪ್ರತಿ 16 ಬಾರ್‌ಗೆ ತಪ್ಪದೆ ಒಂದು ಹೊಸ ಪದರ ಸೇರುತ್ತಿದ್ದರೂ ಅಷ್ಟೇ: ಬದಲಾವಣೆಯಿದೆ, ಆದರೆ ಮೂರನೆಯ ಸಲಕ್ಕೆ ಕಿವಿ ಅದನ್ನು ಮೊದಲೇ ಊಹಿಸಿಬಿಡುತ್ತದೆ. ಕಾರಣ ಬೇರೆಯಾದರೆ ಮದ್ದೂ ಬೇರೆ. ಮೊದಲನೆಯದಕ್ಕೆ ಫಿಲ್ಟರನ್ನು 40 ಬಾರ್‌ಗೇ ತೆರೆಯಬಹುದು, ಇಲ್ಲವೇ ನಡುವೆ ಡ್ರಮ್ಮನ್ನು 4 ಬಾರ್ ತೆಗೆದು ನೋಡಬಹುದು. ಎರಡನೆಯದಕ್ಕೆ ಪದರ ಬರುವ ಜಾಗವನ್ನು 14ಕ್ಕೋ 20ಕ್ಕೋ ಸರಿಸಬೇಕು.

ಆದ್ದರಿಂದ ಹೀಗೆ ಬರೆಯಿರಿ: ಗಮನ ಎಷ್ಟನೇ ನಿಮಿಷದಲ್ಲಿ ಜಾರಿತು, ಆಗ ಏನು ಬದಲಾಗುತ್ತಿತ್ತು, ಏನು ನಿಂತಲ್ಲೇ ನಿಂತಿತ್ತು. ಇದು ಗೊತ್ತಾಗಲು ಮೊದಲ ಸಲ ಎಲ್ಲೂ ನಿಲ್ಲಿಸದೆ ಕೇಳಬೇಕು, ಬರೀ ಸಮಯ ಗೀಚಿಕೊಳ್ಳಬೇಕು. ನಡುನಡುವೆ ನಿಲ್ಲಿಸಿ ಬರೆಯುತ್ತ ಕೂತರೆ ಉದ್ದದ ಅನುಭವವೇ ಸಿಗುವುದಿಲ್ಲ. ಆಧಾರಶ್ರುತಿಯಂತೆ ಒಂದೇ ನಾದ ನಿಂತು ನಿಧಾನ ಬಣ್ಣ ಬದಲಿಸುವ ಕೃತಿಗಳೂ ಇವೆ. ಅಲ್ಲಿ ಎಳೆತವೇ ಉದ್ದೇಶ. ಅಂಥದ್ದಕ್ಕೆ ‘ಅರ್ಧ ಕತ್ತರಿಸಿ’ ಎನ್ನುವ ಮುಂಚೆ ಸಂಯೋಜಕರನ್ನು ಕೇಳಿ.

‘ಬಗ್ಗಡ’ ಇರಲಿ, ಬಹಳ ಒಳ್ಳೆಯ ಪದ. ತಳ ಕಾಣದ ಕಲಕಿದ ನೀರಿಗೆ ಹೇಳುವುದು ಈ ಸದ್ದಿಗೂ ಸರಿಯಾಗಿ ಹೊಂದುತ್ತದೆ. ಆದರೆ ಯಾವುದು ಕಲಕುತ್ತಿದೆ ಎಂದೂ ಹೇಳಬೇಕು. ಪ್ಯಾಡುಗಳು (ಹಿನ್ನೆಲೆಯಲ್ಲಿ ನಿಂತು ನುಡಿಯುವ ಮೆತ್ತನೆಯ ಸ್ವರಗಳು), ಅವುಗಳ ರಿವರ್ಬ್ (ಕೋಣೆಯ ಅನುರಣನದಂಥ ಸದ್ದು) ಒಟ್ಟಾಗಿ 200ರಿಂದ 400 ಹರ್ಟ್ಸ್ ಸುತ್ತ ಗುಡ್ಡೆ ಬಿದ್ದರೆ ಒಂದು ಬಗೆಯ ಬಗ್ಗಡ. ರಿವರ್ಬಿನಿಂದ ಬರುವ ಸದ್ದಿನಲ್ಲಿ 250 ಹರ್ಟ್ಸ್ ಕೆಳಗಿನದನ್ನು ಸೋಸಿದರೆ ತಿಳಿಯಾಗುತ್ತದೆ. ಕಿಕ್ಕಿನ (ದಪ್ಪ ಡ್ರಮ್ಮಿನ ಪೆಟ್ಟು) ಬಾಲವೂ ಬೇಸ್ (ತಗ್ಗು) ಸ್ವರವೂ 50ರಿಂದ 100ರ ನಡುವೆ ಡಿಕ್ಕಿಯಾದರೆ ಅದು ಇನ್ನೊಂದು ಬಗೆ. ಅದಕ್ಕೆ ಬಾಲ ಮೊಟಕು ಮಾಡಬೇಕು, ಇಲ್ಲವೇ ಕಿಕ್ ಬಿದ್ದಾಗ ಬೇಸ್ ತಗ್ಗುವಂತೆ ಸೈಡ್‌ಚೈನ್ ಹಾಕಬೇಕು. 2ರಿಂದ 5 ಕಿಲೋಹರ್ಟ್ಸ್ ನಡುವಿನ ಸದ್ದು ಹೆಚ್ಚಾದಾಗ ‘ಚುಚ್ಚುತ್ತದೆ’ ಎನ್ನುವುದೂ ಅಷ್ಟೇ ನಿಖರ ಪದ.

‘ಗಟ್ಟಿ’ ಬೇಡ. ಜೋರಾಗಿದೆಯೋ, ಬಿಗಿಯಾಗಿದೆಯೋ ತಿಳಿಯದು. ಒಂದು ದೂರು, ಒಂದು ಮೆಚ್ಚುಗೆ.

*

ಮೇಲಿನದನ್ನು ಬಹುಪಾಲು ಒಪ್ಪುತ್ತೇನೆ. ಮೂರು ಮಾತು ಸೇರಿಸಬೇಕು.

‘ಆವೃತ್ತಿ’ಯನ್ನು ಎಚ್ಚರದಿಂದ ಬಳಸಿ. ತಿದ್ದಿದ ಪ್ರತಿಗೂ ಆವೃತ್ತಿ, ಭೌತಶಾಸ್ತ್ರದ ಪಠ್ಯದಲ್ಲಿ ಹರ್ಟ್ಸ್‌ನಲ್ಲಿ ಅಳೆಯುವುದಕ್ಕೂ ಆವೃತ್ತಿ. ‘ಎರಡನೇ ಆವೃತ್ತಿಯಲ್ಲಿ ಕೆಳ ಆವೃತ್ತಿ ಹೆಚ್ಚಿದೆ’ ಎಂಬ ಸಾಲು ಓದುವವರಿಗೆ ಹಿಂಸೆ. ಬಾರ್‌ಗೆ ‘ಆವರ್ತ’ ಎಂದರೆ ಇನ್ನೂ ತೊಡಕು, ಏಕೆಂದರೆ ತಾಳದ ಒಂದು ಸುತ್ತಿಗೆ ಆ ಹೆಸರಿದೆ. ಆದಿತಾಳದ ಒಂದು ಆವರ್ತಕ್ಕೆ 8 ಎಣಿಕೆ, ಇಲ್ಲಿಯ ಬಾರ್‌ಗೆ 4. ಬಾರ್ ಬಾರಾಗಿಯೇ ಇರಲಿ, ತಿದ್ದಿದ ಪ್ರತಿಗೆ ‘2ನೇ ಕರಡು’ ಎನ್ನೋಣ.

ಕರಡುಗಳನ್ನು ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಂಡು ಕೇಳಬೇಕು. ಒಂದೆರಡು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ.

‘ಲಯ ತಪ್ಪಿದೆ’ ಎಂಬುದೂ ಇಂಥ ಕೃತಿಗೆ ಸಲ್ಲದು. ಗಡಿಯಾರ ಕಂಪ್ಯೂಟರಿನದು, ಅದು ತಪ್ಪುವುದಿಲ್ಲ. ತಪ್ಪುವುದು ಪೆಟ್ಟು ಕೂತ ಜಾಗ, ಅಥವಾ ಪೆಟ್ಟಿನ ಮೊದಲ ಅಂಚು ನಿಧಾನವಾಗಿ ಏಳುವುದರಿಂದ ತಡವಾಯಿತೆಂಬ ಭಾವ. ‘17:05ರಿಂದ ಚಪ್ಪಾಳೆ ಸದ್ದು ಕಿಕ್ಕಿಗಿಂತ ಕೂದಲೆಳೆ ಹಿಂದೆ ಬೀಳುತ್ತಿದೆ, ಬೇಕೆಂದೇ ಇಟ್ಟದ್ದೋ?’ ಎಂದು ಬರೆದರೆ ಸಂಯೋಜಕರು ಆ ಕ್ಲಿಪ್ಪನ್ನು ತೆರೆದು 10 ಮಿಲಿಸೆಕೆಂಡ್ ಮುಂಚೆ ಸರಿಸಿ ನೋಡಬಲ್ಲರು.