ಪದಚರ್ಚೆ: ನಾಯಿಗೆ ‘ಒಗ್ಗದ’ ಆಹಾರ – ಒಗ್ಗು, ನಂಜು, ಪಥ್ಯ

ಕೆಲವು ಆಹಾರ ಸೇರದ ನಾಯಿಗಳಿಗೆ ಏನು ತಿನ್ನಿಸಬೇಕು ಎಂದು ಪಶುವೈದ್ಯರೊಬ್ಬರು ಬರೆದ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೆಯ ಸಾಲಿನಲ್ಲೇ ಸಿಕ್ಕಿಕೊಂಡೆ. ‘ಸೆನ್ಸಿಟಿವಿಟಿ’ಗೆ ‘ಸಂವೇದನಾಶೀಲತೆ’ ಎಂದು ಬರೆದರೆ ನಾಯಿ ಕವಿತೆ ಬರೆಯಲು ಕುಳಿತಂತೆ ಕಾಣುತ್ತದೆ. ‘ಅಸಹಿಷ್ಣುತೆ’ ಎಂದರೆ ಸಂಪಾದಕೀಯದ ವಾಸನೆ.

ನಮಗೆ ಇಲ್ಲಿ ನಾಮಪದವೇ ಬೇಕಾಗಿಲ್ಲ ಎನಿಸುತ್ತದೆ. ‘ಅದಕ್ಕೆ ಹಾಲು ಒಗ್ಗುವುದಿಲ್ಲ’ ಎಂದರೆ ಮುಗಿಯಿತು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಾಲದ ನಾಯಿ ಹಾಲು ಕುಡಿದು ಭೇದಿ ಮಾಡಿಕೊಂಡರೆ ಅದನ್ನು ಹೇಳಲು ಇದಕ್ಕಿಂತ ನೇರವಾದ ಮಾತಿಲ್ಲ.

ತೊಡಕಿರುವುದು ಅಲರ್ಜಿಯ ವಿಷಯದಲ್ಲಿ. ‘ಒಗ್ಗು’ ಎಂಬುದಕ್ಕೆ ಕಾಲದ ನೆರಳಿದೆ. ಚಳಿ ಒಗ್ಗುತ್ತದೆ, ಹೊಸ ಊರು ಒಗ್ಗುತ್ತದೆ. ಇವತ್ತು ಒಗ್ಗದ್ದು ನಾಳೆ ಒಗ್ಗೀತು. ಕರಡು ಓದಿದ ಗೆಳೆಯರೊಬ್ಬರು, ‘ಹಾಗಾದರೆ ಕೋಳಿಮಾಂಸವನ್ನು ದಿನಕ್ಕೊಂದು ಚೂರು ಕೊಟ್ಟು ಒಗ್ಗಿಸಬಹುದಲ್ಲ?’ ಎಂದು ಕೇಳಿದರು. ತಪ್ಪು ಅವರದಲ್ಲ, ನನ್ನ ಕ್ರಿಯಾಪದದ್ದು. ಅಲರ್ಜಿಯ ದಾರಿ ತಿರುಗುಮುರುಗು: ಮೊದಲೇ ತಿಂದು ಪರಿಚಯವಾದ ಪ್ರೋಟೀನಿನ ಮೇಲೆಯೇ ದೇಹದ ರಕ್ಷಣಾ ವ್ಯವಸ್ಥೆ ತಿರುಗಿಬೀಳುತ್ತದೆ. ವರ್ಷಗಟ್ಟಲೆ ಸುಖವಾಗಿ ತಿಂದ ಕೋಳಿಯೇ ಒಂದು ದಿನ ಕಾಲ್ಬೆರಳ ಸಂದುಗಳನ್ನು ಕೆಂಪಾಗಿಸುತ್ತದೆ. ನಾಯಿ ರಾತ್ರಿಯಿಡೀ ಪಾದ ನೆಕ್ಕುತ್ತ ಕೂರುತ್ತದೆ, ಕಿವಿ ಮತ್ತೆ ಮತ್ತೆ ಸೋರುತ್ತದೆ. ಆದ್ದರಿಂದ ಅಲ್ಲೆಲ್ಲ ‘ಅಲರ್ಜಿ’ಯನ್ನೇ ಉಳಿಸಿದ್ದೇನೆ. 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕಿನ ‘ಬೇರೆ’, ‘ಕೆಲಸ’ ಎಂಬರ್ಥದ ಎರಡು ಪದಗಳನ್ನು ಬೆಸೆದು ಕಟ್ಟಿದ ಪದವದು. ಕನ್ನಡಕ್ಕಂತೂ ಚೆನ್ನಾಗಿ ಒಗ್ಗಿದೆ. ‘ಒಗ್ಗಿಸು’ವನ್ನು ಒಂದೇ ಕಡೆ ಇಟ್ಟುಕೊಂಡೆ: ಹಳೆಯ ಆಹಾರಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ವಾರ ಹತ್ತು ದಿನದಲ್ಲಿ ಬದಲಾಯಿಸುವಾಗ.

‘ನಂಜು’ ಹೇಗೆ ಎಂದು ಒಬ್ಬರು ಸೂಚಿಸಿದರು. ‘ಅದು ನಂಜು, ತಿನ್ನಬೇಡ’ ಎನ್ನುವಾಗ ಹತ್ತಿರದ ಅರ್ಥವೇ ಇದೆ, ಒಪ್ಪುತ್ತೇನೆ. ಆದರೆ ಅದರ ಮೂಲಾರ್ಥ ವಿಷ, ತಮಿಳಿನಲ್ಲೂ ಹಾಗೆಯೇ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗಳಿಗೆ ನಿಜವಾಗಿಯೂ ವಿಷ. ಕೈಪಿಡಿಯಲ್ಲಿ ಅವುಗಳ ಬಗ್ಗೆ ಹೇಳುವ ಪುಟಕ್ಕೆ ‘ನಂಜು’ ಬೇಕಾಗುತ್ತದೆ.

ಈಗ ನನ್ನ ಮುಖ್ಯ ಪ್ರಶ್ನೆ: ‘ಎಲಿಮಿನೇಷನ್ ಡಯಟ್’. ನಾಯಿ ಈವರೆಗೆ ತಿಂದಿರದ ಒಂದು ಪ್ರೋಟೀನನ್ನೋ, ದೇಹಕ್ಕೆ ಗುರುತು ಸಿಗದಷ್ಟು ಸಣ್ಣದಾಗಿ ತುಂಡರಿಸಿದ ಪ್ರೋಟೀನನ್ನೋ ಮಾತ್ರ ಸುಮಾರು 8 ವಾರ ಕೊಡುವುದು. ತುರಿಕೆ ಇಳಿದರೆ ಹಳೆಯ ಆಹಾರವನ್ನು ಮರಳಿ ಕೊಟ್ಟು ನೋಡುವುದು. ತುರಿಕೆ ಮರುಕಳಿಸಿದರೆ ಕಾರಣ ಸಿಕ್ಕಿತು. ‘ಪಥ್ಯ’ ನಾಲಿಗೆಯ ತುದಿಯಲ್ಲೇ ಇದೆ. ಆದರೆ ಪಥ್ಯವೆಂದರೆ ಕಾಯಿಲೆ ಗೊತ್ತಾದ ಮೇಲೆ ಹಿಡಿಯುವುದು. ಇದು ಕಾಯಿಲೆಯ ಕಾರಣ ಹುಡುಕಲು ಹಿಡಿಯುವುದು. ‘ವರ್ಜನಾಹಾರ’ ಎಂದು ಬರೆದು ಹೊಡೆದುಹಾಕಿದೆ, ವರ್ಜಿಸಬೇಕಾದ ಆಹಾರ ಎಂದೇ ಓದಿಸಿಕೊಳ್ಳುತ್ತದೆ. ಸದ್ಯಕ್ಕೆ ‘ಪತ್ತೆಪಥ್ಯ’ ಎಂದು ಇಟ್ಟಿದ್ದೇನೆ. ಕಿವಿಗೆ ಹಿತವಾಗಿದೆ, ಆದರೆ ಸ್ವಂತ ಕೂಸಿನ ಮೇಲೆ ಎಲ್ಲರಿಗೂ ಮೋಹವಿರುತ್ತದಲ್ಲವೇ?

ಇದರ ಜೊತೆಗೇ ಬರುವ ‘ನಾವೆಲ್ ಪ್ರೋಟೀನ್’ ಅನ್ನು ‘ನವೀನ’ ಎಂದರೆ ನಿನ್ನೆ ಕಂಡುಹಿಡಿದದ್ದು ಎಂದಾಗುತ್ತದೆ; ‘ತಿಂದರಿಯದ ಪ್ರೋಟೀನ್’ ಎಂದಿದ್ದೇನೆ.

ಇನ್ನೊಂದು ಸಣ್ಣದು, ಆದರೆ ಎಡವಿಸುವಂಥದು. ‘ಈ ಅವಧಿಯಲ್ಲಿ ಬೇರೆ ಆಹಾರ ಕೊಡಬೇಡಿ’ ಎಂದು ಬರೆದಿದ್ದೆ. ಓದಿದವರೊಬ್ಬರು ಅದನ್ನು ಅಕ್ಷರಶಃ ಪಾಲಿಸಿ, ಐದನೆಯ ವಾರದಲ್ಲಿ ಮಾಂಸದ ರುಚಿ ಸೇರಿಸಿದ ಜಂತುಹುಳುವಿನ ಮಾತ್ರೆ ಕೊಟ್ಟರು. ಅವರ ಮಟ್ಟಿಗೆ ಅದು ಔಷಧ, ಆಹಾರವಲ್ಲ. ಬಿಸ್ಕತ್ತಿನ ಚೂರು ತಿಂಡಿ, ಅದೂ ಆಹಾರವಲ್ಲ. ಈಗ ‘ಬೇರೇನೂ ಬಾಯಿಗೆ ಹೋಗಬಾರದು’ ಎಂದು ತಿದ್ದಿದ್ದೇನೆ.

‘ಪತ್ತೆಪಥ್ಯ’ ನಡೆಯುತ್ತದೆಯೇ? ಮರಳಿ ಕೊಟ್ಟು ನೋಡುವ ಹಂತಕ್ಕೆ (ಇಂಗ್ಲಿಷಿನಲ್ಲಿ ‘ಚಾಲೆಂಜ್’) ‘ಸವಾಲು’ ಎಂಬ ನೇರ ಅನುವಾದ ಬಿಟ್ಟು ಒಂದೇ ಪದ ಯಾರಿಗಾದರೂ ಹೊಳೆದರೆ ತಿಳಿಸಿ; ನನಗೆ ‘ಮರುಉಣಿಸು’ವಿನಾಚೆ ಏನೂ ಸಿಕ್ಕಿಲ್ಲ, ಅದೋ ಉಚ್ಚರಿಸುವಾಗಲೇ ತೊಡರುತ್ತದೆ.