ಸಹಾಯ ಬೇಕು: ಹಳೇ ಪಿಎಫ್ ಒಟ್ಟು ಮಾಡೋಕೆ ಹೋಗಿ ಎಕ್ಸಿಟ್ ಡೇಟ್‌ನಲ್ಲಿ ಸಿಕ್ಕಿಕೊಂಡಿದ್ದೀನಿ

ಎಲ್ರಿಗೂ ನಮಸ್ಕಾರ. ನನ್ನ ಯುಎಎನ್‌ನಲ್ಲಿ (ಕೆಲಸ ಬದಲಾದ್ರೂ ಬದಲಾಗದ ಪಿಎಫ್ ನಂಬರ್) ಮೂರು ಮೆಂಬರ್ ಐಡಿ, ಅಂದ್ರೆ ಕಂಪನಿಗೊಂದರಂತೆ ಮೂರು ಪಿಎಫ್ ಖಾತೆ ಇವೆ. ಹಳೇ ಎರಡರಲ್ಲಿ ಇದ್ದಿದ್ದು ಚಿಲ್ಲರೆ ದುಡ್ಡು: 38,412 ಮತ್ತು 21,060 ರೂಪಾಯಿ. ಎಲ್ಲಾ ಈಗಿನ ಕಂಪನಿ ಖಾತೆಗೆ ಸೇರಿಸಿಬಿಡೋಣ ಅಂತ ಕೂತೆ. ವಿತ್‌ಡ್ರಾ ಮಾಡಲ್ಲ; ಪಿಂಚಣಿಗೆ 10 ವರ್ಷ ಸರ್ವೀಸ್ ಬೇಕಲ್ಲ.

ಮೊದಲನೇದು ಆನ್‌ಲೈನಲ್ಲೇ ಸಲೀಸಾಗಿ ಬಂತು. ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ ಸೊನ್ನೆ ನೋಡಿ ಎದೆ ಧಸಕ್ಕಂತು. ಆಮೇಲೆ ಗೊತ್ತಾಯ್ತು, ಪೆನ್ಷನ್ ದುಡ್ಡು ವರ್ಗ ಆಗಲ್ಲ, ಸರ್ವೀಸ್ ಮಾತ್ರ ಸೇರುತ್ತೆ.

ತೊಡಕು ಎರಡನೇದರಲ್ಲಿ. ಆ ಕಂಪನಿ ಬಾಗಿಲು ಹಾಕಿದೆ, ನಾನು ಬಿಟ್ಟ ದಿನಾಂಕ ತುಂಬೇ ಇಲ್ಲ. ಪಿಎಫ್ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್' ಆಯ್ಕೆಯಲ್ಲಿ ನಾನೇ ಹಾಕಬಹುದು, ಸರಿ. ಆದ್ರೆ ರಿಲೀವಿಂಗ್ ಲೆಟರ್‌ನಲ್ಲಿರೋದು 14 ಜೂನ್ 2019. ಉಳಿದ ರಜೆ ಹಾಕಿ 10ಕ್ಕೇ ಹೊಸ ಕಡೆ ಸೇರಿದ್ದೆ (ನಂದೇ ಅತಿಬುದ್ಧಿ). 14 ಹಾಕಿದ್ರೆ ಸರ್ವೀಸ್ ಓವರ್‌ಲ್ಯಾಪ್, 9 ಹಾಕಿದ್ರೆ ಲೆಟರ್‌ಗೆ ತಾಳೆ ಆಗಲ್ಲ. ಒಮ್ಮೆ ಹಾಕಿದ್ಮೇಲೆ ಸುಲಭಕ್ಕೆ ತಿದ್ದೋಕಾಗಲ್ಲ ಅಂತಾರೆ. ಓಟಿಪಿ ತನಕ ಹೋಗಿ ಎರಡು ಸಲ ವಾಪಸ್ ಬಂದಿದ್ದೀನಿ.

ಹೀಗೆ ನಾಲ್ಕೈದು ದಿನ ಓವರ್‌ಲ್ಯಾಪ್ ಇದ್ದೋರು ಯಾವ ದಿನಾಂಕ ಹಾಕಿದ್ರಿ? ಟ್ರಾನ್ಸ್‌ಫರ್ ಆಯ್ತಾ, ರಿಜೆಕ್ಟ್ ಆಯ್ತಾ?